ಹೊಳೆಯ ಕಡೆಗೆ ಬಾಚಿದ ನೆಲ

“ಈ ನೆಲ ಬಾಚಿದ್ದು ಯಾರು?”

ಇನ್ಸ್‌ಪೆಕ್ಟರ್ ಕುಕ್ಕುರುಗಾಲಿನಲ್ಲಿ ಕೂತು ಕೇಳಿದರು. ಕೇಳಿದವರು ತಲೆ ಎತ್ತಿ ಯಾರ ಮುಖವನ್ನೂ ನೋಡಲಿಲ್ಲ. ಅವರ ಗಮನವೆಲ್ಲ ಮಣ್ಣಿನ ಮೇಲಿತ್ತು.

“ನಾನೇ ಸಾರ್,” ಎಂದರು ಯಜಮಾನರು.

ಕ್ಯಾಂಪಮ್ಮನ ಕೈಯಲ್ಲಿದ್ದ ಬಕೆಟ್ಟು ಜಾರಿ ಕಾಲ ಮೇಲೆ ಬೀಳುವುದೊಂದು ಬಾಕಿ. ಕೈಹಿಡಿದ ಗಂಡ ಪೊಲೀಸರ ಮುಂದೆ ನಿಂತು, ಒಂದಿಷ್ಟೂ ತಡವರಿಸದೆ, ಹಸಿಹಸಿ ಸುಳ್ಳು ಹೇಳಿದ್ದರು.

ಮೊನ್ನೆ ಬೆಳಿಗ್ಗೆ ದುರ್ಬೀನು ಸಾಹೇಬರು ಟೆಂಟು ಕಿತ್ತುಕೊಂಡು ಊರಿಗೆ ಹೋದರೆಂದೇ ಎಲ್ಲರೂ ನಂಬಿದ್ದರು. ನಿನ್ನೆ ಸಂಜೆ ಅವರ ಕಾರು ಬೆಟ್ಟದ ತಿರುವಿನ ಕೆಳಗಿನ ಕಮರಿಯಲ್ಲಿ, ಒಳಗೆ ಯಾರೂ ಇಲ್ಲದೆ, ಮೂತಿ ಜಜ್ಜಿಕೊಂಡು ಸಿಕ್ಕಿತ್ತು.

ಹಕ್ಕಿ ನೋಡಲು ಬಂದಿದ್ದ ಒಂಟಿ ಮನುಷ್ಯ ಅವರು. ಊಟಕ್ಕೆ ಕೂತಾಗಲೂ ಕೊರಳಿನಿಂದ ದುರ್ಬೀನು ಇಳಿಯುತ್ತಿರಲಿಲ್ಲ. ಆ ಹೆಸರು ಕ್ಯಾಂಪಮ್ಮನೇ ಇಟ್ಟದ್ದು. ಅವಳಿಗೆ ಕ್ಯಾಂಪಮ್ಮ ಎಂದು ಹೆಸರಿಟ್ಟವರು ಟೆಂಟು ಹಾಕಲು ಬರುವವರ ಮಕ್ಕಳು. ಹಾಸ್ಟೆಲ್ ವಾರ್ಡನ್ ಆಗಿ ನಿವೃತ್ತಳಾದವಳು, ಬಸ್ಸು ಓಡಿಸಿ ನಿವೃತ್ತರಾದ ಗಂಡನನ್ನು ಹೊರಡಿಸಿಕೊಂಡು, ಈ ಬೇಸಿಗೆ ಮುಗಿಯುವವರೆಗೆ ಬೆಟ್ಟದ ಮೇಲಿನ ಕ್ಯಾಂಪು ನೋಡಿಕೊಳ್ಳುತ್ತೇವೆಂದು ಒಪ್ಪಿ ಬಂದಿದ್ದಳು. ತಣ್ಣನೆ ಗಾಳಿ, ಗೇಟಿನ ಪಕ್ಕ ಇರಲೊಂದು ತಗಡಿನ ಮನೆ, ಮೈಗೆ ಒಗ್ಗುವಷ್ಟು ಕೆಲಸ. ಹಾಯಾಗಿರಬಹುದು ಅಂದುಕೊಂಡಿದ್ದಳು. ಹಾಯಿ ಹಾಳಾಗಿ ಹೋಗಲಿ, ಈಗ ನೆಟ್ಟಗೆ ಉಸಿರಾಡಲೂ ಆಗುತ್ತಿರಲಿಲ್ಲ.

ಕೆಲಸವನ್ನು ಗಂಡಹೆಂಡತಿ ಬಂದ ದಿನವೇ ಹಂಚಿಕೊಂಡಿದ್ದರು. ಸೌದೆ, ನಲ್ಲಿ, ಕಕ್ಕಸು ಯಜಮಾನರಿಗೆ. ಟೆಂಟಿನ ಜಾಗಗಳೆಲ್ಲ ಅವಳಿಗೆ. ಒಬ್ಬರು ಖಾಲಿ ಮಾಡಿ ಹೋದ ಕೂಡಲೇ ಬೆಂಕಿಗುಂಡಿಯ ಬೂದಿ ತೆಗೆದು, ಕಬ್ಬಿಣದ ಹಲ್ಲಿನ ರೇಕು ಹಿಡಿದು ನೆಲ ಬಾಚಿ, ‘ಖಾಲಿ ಇದೆ’ ಎಂಬ ಹಲಗೆ ತೂಗುಹಾಕಬೇಕು. ಯಜಮಾನರು ರೇಕು ಮುಟ್ಟುವ ಹಾಗೇ ಇರಲಿಲ್ಲ. ಜೀವಮಾನವಿಡೀ ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಅವರ ಬಲ ಭುಜ ಸವೆದುಹೋಗಿತ್ತು. ಅಂಗಿ ತೊಡುವಾಗಲೇ ಅಯ್ಯೋ ಅಮ್ಮಾ ಎನ್ನುವ ಮನುಷ್ಯ ಇಷ್ಟಗಲದ ಜಾಗ ಬಾಚಿದರಂತೆ! ಕೇಳಿದವರು ನಗಬೇಕು.

ಅವಳಿಗೆ ನಗು ಬರಲಿಲ್ಲ.

“ಹೇಗೆ ಬಾಚ್ತೀರಿ ಯಜಮಾನ್ರೇ?” ಇನ್ಸ್‌ಪೆಕ್ಟರ್ ಸಾವಕಾಶವಾಗಿ ಕೇಳಿದರು.

“ಹೇಗೆ ಅಂದ್ರೆ? ಎಲ್ಲರೂ ಬಾಚೋ ಹಾಗೆ.”

“ಹೂಂ. ಎಲ್ಲರೂ ಬಾಚೋ ಹಾಗೆ.”

ಇನ್ಸ್‌ಪೆಕ್ಟರ್ ಮಾತನ್ನು ಅಲ್ಲಿಗೇ ಬಿಟ್ಟರು. ಕ್ಯಾಂಪಮ್ಮ ಆಗ ಮೊದಲ ಬಾರಿಗೆ ಗೆರೆಗಳನ್ನು ಸರಿಯಾಗಿ ನೋಡಿದಳು. ಅವು ತಿರುವುಮುರುವಾಗಿದ್ದವು.

ಅವಳು ಬಾಚುವುದಕ್ಕೊಂದು ಕ್ರಮವಿತ್ತು. ಹೊಳೆಯ ಕಡೆಯಿಂದ ಶುರುಮಾಡಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ, ದಾರಿಯ ಕಡೆಗೆ ಬರುತ್ತಿದ್ದಳು. ಹಾಗೆ ಮಾಡಿದರೆ ತನ್ನ ಹೆಜ್ಜೆಯನ್ನು ತಾನೇ ಅಳಿಸಿದಂತಾಗುತ್ತದೆ. ಕೊನೆಗೆ ದಾರಿಯ ಮೇಲೆ ನಿಂತು ನೋಡಿದರೆ ನೆಲ ಆಗಷ್ಟೇ ತಲೆಬಾಚಿ ಕೂರಿಸಿದ ಮಗುವಿನ ಹಾಗಿರುತ್ತದೆ. ಇಲ್ಲಿ ಗೆರೆಗಳು ದಾರಿಯ ಬದಿಯಲ್ಲಿ ಶುರುವಾಗಿದ್ದವು. ಹೊಳೆಯ ಅಂಚಿನಲ್ಲಿ ಮುಗಿದಿದ್ದವು. ಬಾಚಿದವರು ದಾರಿಗೆ ಬರಲೇ ಇಲ್ಲ. ನೀರಿಗಿಳಿದು ಹೋಗಿದ್ದರು.

ಇದನ್ನು ಮೊನ್ನೆಯೇ ನೋಡಬೇಕಿತ್ತು. ಮೊನ್ನೆ ಅವಳು ನೋಡಿದ್ದು ಒಂದೇ, ಜಾಗ ಚೊಕ್ಕಟವಾಗಿದೆ ಎನ್ನುವುದು. ಅಪರೂಪಕ್ಕೆ ಕೆಲವು ಸಂಭಾವಿತರು ತಾವೇ ಬಾಚಿಟ್ಟು ಹೋಗುವುದುಂಟು. ಹಿಂದಿನ ಸಂಜೆ ದುರ್ಬೀನು ಸಾಹೇಬರಿಗೆ ಅವಳು ಚೆನ್ನಾಗಿ ಬೈದಿದ್ದಳು. ಹಕ್ಕಿಗಳಿಗೆಂದು ಬ್ರೆಡ್ಡಿನ ಚೂರು ಚೆಲ್ಲಿ, ಕಾಡಿನ ಪ್ರಾಣಿಗಳನ್ನು ಟೆಂಟುಗಳ ನಡುವೆ ಕರೆಸಿಕೊಳ್ಳುತ್ತಿದ್ದರು. “ಇನ್ನೊಂದು ಸಲ ಕಂಡ್ರೆ ನಿಮ್ಮನ್ನ ಕಾರಿನ ಸಮೇತ ಈ ಬೆಟ್ಟದಿಂದ ಕೆಳಗೆ ದಬ್ಬಿಬಿಡ್ತೀನಿ ನೋಡಿ!” ಎಂದು ಕೂಗಿದ್ದಳು. ಸುತ್ತಲಿನ ಟೆಂಟಿನವರೆಲ್ಲ ಕೇಳಿ ನಕ್ಕಿದ್ದರು. ಆ ಮುನಿಸಿಗೆ ಜಾಗ ಹಸನು ಮಾಡಿಟ್ಟು, ಹೇಳದೆ ಕೇಳದೆ ಹೋಗಿದ್ದಾರೆ ಎಂದುಕೊಂಡು, ಅವಳು ಖುಷಿಯಿಂದಲೇ ಹಲಗೆ ತೂಗುಹಾಕಿದ್ದಳು.

ಆ ಹಲಗೆ ನೋಡಿದ ಮೇಲೆ ಆ ಮನುಷ್ಯನನ್ನು ಹುಡುಕುವವರು ಯಾರು? ಒಬ್ಬ ಮನುಷ್ಯ ಕಾಣೆಯಾದ ಜಾಗಕ್ಕೆ ಅವಳು ಕೈಯಾರೆ ‘ಖಾಲಿ ಇದೆ’ ಎಂದು ಹಲಗೆ ಹಾಕಿ ಕೈತೊಳೆದುಕೊಂಡಿದ್ದಳು.

“ಸಂಜೆ ತನಕ ಇಬ್ಬರೂ ಎಲ್ಲಿಗೂ ಹೋಗಬೇಡಿ,” ಎಂದು ಇನ್ಸ್‌ಪೆಕ್ಟರ್ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡರು. “ನಾನು ಹೊಳೆ ದಡ ನೋಡ್ಕೊಂಡು ಬರ್ತೀನಿ.”

ಯಜಮಾನರು ಹೆಂಡತಿಯ ಮುಖ ನೋಡದೆ ಸೌದೆ ಕೊಟ್ಟಿಗೆಯ ಕಡೆ ಹೊರಟುಬಿಟ್ಟರು. ಸೋಲುವ ಜಗಳವಿದ್ದಾಗ ಅವರು ಹಾಗೆ ಹೋಗುತ್ತಿದ್ದರು. ಆದರೆ ಇವತ್ತು ಇನ್ನೂ ಜಗಳವೇ ಶುರುವಾಗಿರಲಿಲ್ಲ.

* * *

ಅವಳು ಗಂಡನ ಹಿಂದೆ ಹೋಗಲಿಲ್ಲ. ಕಾಲು ತಾನಾಗಿಯೇ ಬೂದಿ ಡ್ರಮ್ಮಿನ ಕಡೆ ಎಳೆಯಿತು.

ಎಲ್ಲ ಬೆಂಕಿಗುಂಡಿಗಳ ಬೂದಿಯೂ ಕೊನೆಗೆ ಬಂದು ಬೀಳುವುದು ಆ ಡ್ರಮ್ಮಿಗೆ. ದುರ್ಬೀನು ಸಾಹೇಬರ ಗುಂಡಿಯ ಬೂದಿ ಅವಳು ತೆಗೆದಿರಲಿಲ್ಲ. ಹಾಗಿದ್ದೂ ಗುಂಡಿ ಖಾಲಿಯಾಗಿತ್ತು. ಅಂದರೆ ನೆಲ ಬಾಚಿದ ಕೈಯೇ ಬೂದಿಯನ್ನೂ ತಂದು ಇಲ್ಲಿ ಸುರಿದಿರಬೇಕು.

ದಾರಿಯಲ್ಲಿ ತಗಡಿನ ಮನೆಯ ಮೆಟ್ಟಿಲ ಮೇಲೆ ತಂಗಿ ಕೂತು ಪಾತ್ರೆ ತಿಕ್ಕುತ್ತಿದ್ದಳು. ಗಂಡನ ಮನೆ ಬಿಟ್ಟು ಬಂದವಳು. ಬೇಸಿಗೆ ನಮ್ಮ ಜೊತೆ ಬೆಟ್ಟದಲ್ಲಿರು, ಮನಸ್ಸು ಹಗುರಾಗುತ್ತದೆ ಎಂದು ಕ್ಯಾಂಪಮ್ಮನೇ ಕರೆತಂದಿದ್ದಳು. ಅಮ್ಮ ತೀರಿಕೊಂಡಾಗ ಇನ್ನೂ ಎದೆಹಾಲು ಬಿಡದಿದ್ದ ಕೂಸು ಅದು. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ.

“ಏನಂತೆ ಅಕ್ಕ? ಏನ್ ಕೇಳಿದ್ರು?” ತಂಗಿಯ ಕೈ ಪಾತ್ರೆಯ ಮೇಲೆ ನಿಂತಿತು.

“ಏನಿಲ್ಲ ಕಣೆ. ನೀನು ಹೆದರ್ಕೋಬೇಡ. ಒಳಗೆ ಹೋಗು.”

“ಭಾವ ಏನಂದ್ರು?”

“ಒಳಗೆ ಹೋಗು ಅಂದ್ನಲ್ಲ!”

ಡ್ರಮ್ಮಿನ ಮುಚ್ಚಳ ತೆಗೆದು ಸಲಿಕೆ ಹಾಕಿದಳು. ಮೇಲಿನದು ನಿನ್ನೆಯ ಬೂದಿ, ಬೆಳ್ಳಗೆ ಹಿಟ್ಟಿನಂತಿತ್ತು. ಅದರ ಕೆಳಗೆ ಕಪ್ಪು ಮುದ್ದೆ ಬಂತು. ಸೌದೆ ಸುಟ್ಟರೆ ಹಾಗಾಗುವುದಿಲ್ಲ. ಬಟ್ಟೆಯೋ ಪ್ಲಾಸ್ಟಿಕ್ಕೋ ಕರಗಿದರೆ ಹಾಗೆ ಅಂಟಂಟಾಗಿ ಗಟ್ಟಿಯಾಗುತ್ತದೆ. ಕೋಲಿನಿಂದ ಕೆದಕಿದಳು. ಜಿಪ್ಪಿನ ಲೋಹದ ಹಲ್ಲುಗಳು ಸಾಲಾಗಿ ಬಂದವು. ಟೆಂಟಿನ ಜಿಪ್ಪು.

ಟೆಂಟು ಹೊತ್ತುಕೊಂಡು ಹೋಗಿರಲಿಲ್ಲ. ಟೆಂಟನ್ನು ಸುಟ್ಟಿದ್ದರು.

ಇನ್ನೂ ಕೆಳಗೆ ಸಲಿಕೆಗೆ ಏನೋ ಟಣ್ಣೆಂದಿತು. ಕೈಹಾಕಿ ತೆಗೆದಳು. ದುಂಡಗಿನ ದಪ್ಪ ಗಾಜು. ಬಿಸಿಗೆ ನಡುವೆ ಸೀಳಿತ್ತು. ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದಾಗ ಎದುರಿನ ಮರ ತಲೆಕೆಳಗಾಗಿ, ಚಿಕ್ಕದಾಗಿ, ಅದರೊಳಗೆ ಕಂಡಿತು.

ಆ ಮನುಷ್ಯ ಸ್ನಾನಕ್ಕೆ ಹೋಗುವಾಗಲೂ ದುರ್ಬೀನು ಬಿಡುತ್ತಿರಲಿಲ್ಲ. ಅದು ಸುಟ್ಟು ಬೂದಿಯಲ್ಲಿದೆ ಎಂದರೆ, ಅದರ ಒಡೆಯ ಬದುಕಿಲ್ಲ.

ಡ್ರಮ್ಮಿನ ಅಂಚು ಹಿಡಿದು ನಿಂತಳು. ಹಾಸ್ಟೆಲಿನಲ್ಲಿ ಗೋಡೆ ಹಾರಿ ಬಂದ ಕಳ್ಳನನ್ನು ಪೊರಕೆಯಲ್ಲಿ ಬಾರಿಸಿದ ಹೆಂಗಸು ಅವಳು. ಅಂಥವಳಿಗೆ ಈಗ ಮುಚ್ಚಳ ಮತ್ತೆ ಹಾಕುವಷ್ಟು ತ್ರಾಣ ಉಳಿದಿರಲಿಲ್ಲ. ಹೆದರಿಕೆ ಸತ್ತವರ ಬಗ್ಗೆ ಅಲ್ಲ. ಸೌದೆ ಕೊಟ್ಟಿಗೆಯಲ್ಲಿ ಕೂತಿರುವ ತನ್ನ ಗಂಡನ ಬಗ್ಗೆ.

* * *

ಯಜಮಾನರು ಸೌದೆಯ ಕಟ್ಟುಗಳ ನಡುವೆ ಸುಮ್ಮನೆ ಕೂತಿದ್ದರು. ಅವಳು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಗಾಜನ್ನು ಅವರ ಮುಂದೆ ಹಿಡಿದಳು.

“ಇದೇನು ಅಂತ ಗೊತ್ತಾಯ್ತೇನ್ರೀ?”

ಅವರು ನೋಡಿದರು. ಗೊತ್ತಾಯಿತು ಎನ್ನುವುದು ಮುಖದಲ್ಲೇ ಕಂಡಿತು.

“ಎಲ್ಲಿ ಸಿಕ್ತು?”

“ಬೂದಿ ಡ್ರಮ್ಮಲ್ಲಿ. ಟೆಂಟಿನ ಜಿಪ್ಪೂ ಇದೆ. ಈಗ ಹೇಳಿ, ಯಾಕ್ರೀ ಸುಳ್ಳು ಹೇಳಿದ್ರಿ?”

“ಮೆಲ್ಲಗೆ ಮಾತಾಡೇ.”

“ಮೆಲ್ಲಗೆ ಮಾತಾಡೋ ಮಾತಾ ಇದು? ನೀವು ರೇಕು ಎತ್ತಿದ್ದು ಈ ಜನ್ಮದಲ್ಲಿ ನಾನು ನೋಡಿಲ್ಲ. ಪೊಲೀಸಿನವರ ಮುಂದೆ ನಾನೇ ಬಾಚಿದೆ ಅಂತೀರಲ್ಲ! ಏನು ಮಾಡಿದ್ರಿ ನೀವು? ಆ ಮನುಷ್ಯಂಗೆ ಏನು ಮಾಡಿದ್ರಿ?”

“ನಾನಾ?” ಯಜಮಾನರು ತಲೆ ಎತ್ತಿದರು. ಅವಳ ಪ್ರಶ್ನೆ ಅವರ ತಲೆಯೊಳಗೆ ಇಳಿಯಲು ಹೊತ್ತು ಹಿಡಿಯಿತು. “ನಾನು ಮಾಡಿದೀನಿ ಅಂತ ಅಂದ್ಕೊಂಡ್ಯಾ?”

“ಮತ್ತೇನ್ ಅಂದ್ಕೊಳ್ಳಲಿ? ಹೇಳಿ, ನೀವೇ ಹೇಳಿ.”

“ನಾನು ಹೇಳಿದ್ದು ನಿನಗೋಸ್ಕರ ಕಣೆ!”

ಅವಳು ಗಾಜು ಹಿಡಿದ ಕೈಯನ್ನು ಕೆಳಗಿಳಿಸಿದಳು.

“ಆ ಇನ್ಸ್‌ಪೆಕ್ಟರು ಕೂತ ರೀತಿ ನೋಡಿದ ಕೂಡಲೇ ಗೊತ್ತಾಯ್ತು ನನಗೆ,” ಯಜಮಾನರು ನೆಲ ನೋಡುತ್ತ ಹೇಳಿದರು. “ಅಲ್ಲಿ ಬಾಚಿದವರ ಕೊರಳಿಗೇ ಬರುತ್ತೆ ಇದು. ನೀನು ಬೇರೆ ಹಿಂದಿನ ದಿನ ದಬ್ತೀನಿ ಗಿಬ್ತೀನಿ ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗಿದೀಯ. ನಿನಗೆ ಮೊದಲೇ ಬಿ.ಪಿ. ಸ್ಟೇಷನ್ನಲ್ಲಿ ಕೂರಿಸಿ ಕೇಳಿದ್ರೆ ಏನಾಗ್ತೀಯ? ನನ್ನನ್ನ ಕೇಳಲಿ ಬಿಡು, ಬಸ್ಸಿನ ಕೇಸುಗಳಲ್ಲಿ ಸಾಕಷ್ಟು ಸ್ಟೇಷನ್ ನೋಡಿದೀನಿ ಅಂದ್ಕೊಂಡೆ.”

“ಅಯ್ಯೋ ನನ್ನ ದೇವರೇ! ಬಾಚಿದ್ದು ನಾನು ಅಂತ ನಿಮಗೆ ಯಾರು ಹೇಳಿದ್ರು?”

“ಯಾರಾದ್ರೂ ಯಾಕೆ ಹೇಳಬೇಕು? ನಾನೇ ನೋಡಿದ್ನಲ್ಲ.”

ಕ್ಯಾಂಪಮ್ಮ ಒಂದು ಹೆಜ್ಜೆ ಹತ್ತಿರ ಬಂದಳು.

“ಏನು ನೋಡಿದ್ರಿ?”

“ನಿನ್ನನ್ನ. ಮೊನ್ನೆ ಬೆಳಕು ಹರಿಯೋ ಹೊತ್ತಿಗೆ ಕೆಳಗಿನ ಕಕ್ಕಸು ತೊಳೆದು ಬರ್ತಿದ್ದೆ. ಮಂಜು ಇತ್ತು. ಮರಗಳ ಸಂದಿಯಲ್ಲಿ ನೀನು ಬಾಚ್ತಿದ್ದೆ. ಕ್ಯಾಂಪಿನವರು ನಮಗೆ ಕೊಟ್ಟ ಹಸಿರು ಜಾಕೆಟ್ಟು, ಬೆನ್ನ ಮೇಲೆ ಬಿಳಿ ಪಟ್ಟಿ. ಟೋಪಿ ಎಳ್ಕೊಂಡಿದ್ದೆ. ಇಷ್ಟು ಬೇಗ ಯಾಕೆ ಎದ್ದಳಪ್ಪಾ ಅಂತ ಕೈ ಬೀಸಿದೆ. ನೀನೂ ಬೀಸಿದೆ.”

“ನಾನು ಬೀಸಲಿಲ್ಲ.”

“ಬೀಸಿದೆ ಕಣೆ, ಮರೆತಿದೀಯ.”

“ರೀ, ನಾನು ಅಲ್ಲಿ ಇರಲೇ ಇಲ್ಲ ರೀ! ನಾನು ಹಾಸಿಗೆಯಲ್ಲಿ ಬಿದ್ದಿದ್ದೆ. ಹಿಂದಿನ ಸಂಜೆಯಿಂದ ತಲೆ ಸಿಡೀತಿತ್ತು, ಮಾತ್ರೆ ನುಂಗಿ ಮಲಗಿದೋಳು ಬಿಸಿಲು ಬಂದ ಮೇಲೆ ಎದ್ದೆ.”

ಯಜಮಾನರು ಅವಳನ್ನೇ ನೋಡಿದರು. ನಂಬಬೇಕೆಂಬ ಆಸೆ ಅವರ ಕಣ್ಣಲ್ಲಿತ್ತು. ನಂಬಿಕೆ ಮಾತ್ರ ಪೂರಾ ಬಂದಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅದು ಗೊತ್ತಾಗದೆ ಇರುತ್ತದೆಯೇ?

“ಹಾಗಾದ್ರೆ ನಾನು ಕೈ ಬೀಸಿದ್ದು ಯಾರಿಗೆ?” ಎಂದರು ಅವರು.

ಹಸಿರು ಜಾಕೆಟ್ಟು ಕ್ಯಾಂಪಿನಲ್ಲಿದ್ದದ್ದು ಎರಡೇ. ಒಂದು ಯಜಮಾನರ ಮೈಮೇಲಿತ್ತು. ಇನ್ನೊಂದು ಅವಳದು, ತಗಡಿನ ಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುತ್ತದೆ. ಆ ಮನೆಯಲ್ಲಿ ಮಲಗುವವರು ಮೂವರೇ.

ಬೇಡ ಬೇಡವೆಂದರೂ ಒಂದರ ಹಿಂದೊಂದು ನೆನಪು ನುಗ್ಗಿ ಬಂತು. ತಲೆನೋವಿಗೆ ಮಾತ್ರೆ ತಂದುಕೊಟ್ಟವಳು ತಂಗಿ. ಯಾವ ಮಾತ್ರೆ ಎಂದು ಅವಳು ನೋಡಿರಲಿಲ್ಲ; ಅಷ್ಟು ಸತ್ತಂತೆ ನಿದ್ದೆ ಅವಳಿಗೆ ಯಾವತ್ತೂ ಬಂದದ್ದಿಲ್ಲ. ಮೊನ್ನೆ ಎದ್ದಾಗ ತಂಗಿಯ ಶೂ ಬಿಸಿಲಿಗೆ ಒಣಗುತ್ತಿತ್ತು. “ಬೆಳಿಗ್ಗೆ ಬೆಳಿಗ್ಗೆನೇ ಎಲ್ಲಿ ನೆನೆಸ್ಕೊಂಡ್ಯೇ?” ಎಂದು ಕೇಳಿದ್ದಕ್ಕೆ “ನಲ್ಲಿ ಹತ್ರ ಜಾರಿದೆ ಅಕ್ಕ” ಎಂದಿದ್ದಳು. ದುರ್ಬೀನು ಸಾಹೇಬರು ಬಂದಿಳಿದ ದಿನ ಗೇಟಿನಲ್ಲಿ ನಿಂತಿದ್ದ ತಂಗಿ ಮುಖ ಬಿಳಿಚಿಕೊಂಡು ಒಳಗೆ ಹೋದವಳು, ಊಟಕ್ಕೂ ಹೊರಗೆ ಬಂದಿರಲಿಲ್ಲ. ಬಿಸಿಲು ಹೆಚ್ಚಾಯಿತು ಎಂದಿದ್ದಳು. ಈ ತಂಪು ಬೆಟ್ಟದಲ್ಲಿ ಅಂಥ ಬಿಸಿಲು ಎಲ್ಲಿತ್ತು? ಆ ಮನುಷ್ಯನನ್ನು ಅವಳು ಮೊದಲೇ ಬಲ್ಲಳೇ?

“ಏನೇ? ಯಾಕೆ ಹಾಗೆ ನಿಂತೆ?”

“ಏನಿಲ್ಲ.”

“ಯಾರು ಅಂತ ಹೊಳೀತಾ?”

“ಇಲ್ಲ ಅಂದ್ನಲ್ಲ!”

ಅವಳೂ ಸುಳ್ಳು ಹೇಳಿದಳು. ಗಂಡನನ್ನು ಬಿಡಿಸಬೇಕಾದರೆ ತಂಗಿಯನ್ನು ಹಿಡಿದುಕೊಡಬೇಕು. ತಂಗಿಯ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡರೆ ಗಂಡ ಜೀಪು ಹತ್ತುತ್ತಾರೆ. ಇಂಥ ಅಡಕತ್ತರಿಯಲ್ಲಿ ಸಿಕ್ಕಿಬಿದ್ದವರು ಮಾಡುವುದನ್ನೇ ಅವಳೂ ಮಾಡಿದಳು. ಮೊದಲು ಗಂಡನನ್ನು ಬಿಡಿಸಿಕೊಳ್ಳೋಣ, ಆಮೇಲಿನದು ಆಮೇಲೆ ಎಂದು ಗಟ್ಟಿ ಮನಸ್ಸು ಮಾಡಿ ಬಾಗಿಲು ತಳ್ಳಿದಳು.

ಹೊರಗೆ ಇನ್ಸ್‌ಪೆಕ್ಟರ್ ನಿಂತಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಒಳಗಿನ ಮಾತು ಎಷ್ಟು ಕೇಳಿಸಿತ್ತೋ, ಮುಖ ನೋಡಿ ಹೇಳುವಂತಿರಲಿಲ್ಲ.

“ಯಜಮಾನ್ರೇ, ಒಂದು ಚೂರು ಸ್ಟೇಷನ್ ತನಕ ಬಂದು ಹೋಗೋಣ್ವಾ?”

“ಇವರಲ್ಲ ಸಾರ್!” ಕ್ಯಾಂಪಮ್ಮ ಅಡ್ಡ ನಿಂತಳು. ಗೋಡೆಗೆ ಒರಗಿಸಿದ್ದ ರೇಕು ತಂದು ಗಂಡನ ಕೈಗೆ ತುರುಕಿದಳು. “ಎಳೀರಿ. ಸಾಹೇಬ್ರ ಮುಂದೆ ಎಳೆದು ತೋರಿಸಿ.”

“ಬೇಡ ಕಣೆ...”

“ಎಳೀರಿ ಅಂದ್ರೆ!”

ಯಜಮಾನರು ಒಮ್ಮೆ ಎಳೆದರು. ಎರಡನೆಯ ಸಲಕ್ಕೆ ಭುಜ ಹಿಡಿದುಕೊಂಡು ಬಗ್ಗಿದರು. ರೇಕು ನೆಲಕ್ಕೆ ಬಿತ್ತು. ಎಡವಟ್ಟು ಗೆರೆಗಳು ಕೋಳಿ ಕೆದಕಿದ ಹಾಗೆ ಬಿದ್ದಿದ್ದವು.

ಇನ್ಸ್‌ಪೆಕ್ಟರ್ ತಲೆಯಾಡಿಸಿದರು. “ನನಗೂ ಹಾಗೇ ಅನ್ನಿಸ್ತು. ಯಾರನ್ನ ಕಾಪಾಡ್ತಾ ಇದೀರಿ ಯಜಮಾನ್ರೇ?”

ಯಜಮಾನರು ಭುಜ ನೀವಿಕೊಂಡರು. ಇನ್ಸ್‌ಪೆಕ್ಟರ್ ಅವಳ ಕಡೆ ತಿರುಗಿದರು.

“ಅಮ್ಮಾ, ನಿಮಗೆ ಗೊತ್ತಿರಬೇಕು. ಹೇಳಿಬಿಡಿ. ಯಾರು ಬಾಚಿದ್ದು?”

ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅದರ ಜೊತೆಗೇ ಸೊಂಟದ ಮೇಲೆ ಕೂತು ಅವಳ ಜಡೆ ಎಳೆಯುತ್ತಿದ್ದ ಕೂಸೂ ಕಣ್ಣಮುಂದೆ ಬಂತು. ಆ ಕೂಸನ್ನು ಪೊಲೀಸರ ಕೈಗೆ ಕೊಡಲು ಅವಳಿಂದಾಗಲಿಲ್ಲ. ಏನಾದರಾಗಲಿ, ತಾನೇ ಮೊದಲು ಒಳಗೆ ಹೋಗಿ ಅವಳನ್ನು ಕೂರಿಸಿಕೊಂಡು ಕೇಳಬೇಕು.

“ಗೊತ್ತಿಲ್ಲ ಸಾರ್. ನಿಜವಾಗ್ಲೂ ನನಗೆ ಗೊತ್ತಿಲ್ಲ.”

“ನನಗೆ ಗೊತ್ತು ಸಾರ್.”

ಎಲ್ಲರೂ ತಿರುಗಿದರು. ತಂಗಿ ಬಂದು ನಿಂತಿದ್ದಳು. ಪಾತ್ರೆ ತೊಳೆದ ಕೈಯನ್ನು ಸೆರಗಿಗೆ ನಿಧಾನವಾಗಿ ಒರೆಸಿಕೊಳ್ಳುತ್ತಿದ್ದಳು. ಕಣ್ಣು ತುಂಬಿ ಬಂದಿತ್ತು. ದನಿಯಲ್ಲಿ ಮಾತ್ರ ಅಳುವಿರಲಿಲ್ಲ.

“ನನ್ನ ಬಾಯಲ್ಲಿ ಇದನ್ನ ಹೇಳಬಾರದು ಸಾರ್, ನನ್ನನ್ನ ಸಾಕಿದೋಳು. ಆದರೆ ಭಾವಂದು ಏನೂ ತಪ್ಪಿಲ್ಲ. ಮೊನ್ನೆ ಬೆಳಿಗ್ಗೆ ನನಗೆ ಕತ್ತಲಲ್ಲೇ ಎಚ್ಚರ ಆಯ್ತು. ಅಕ್ಕನ ಹಾಸಿಗೆ ಖಾಲಿ ಇತ್ತು.”

ಕ್ಯಾಂಪಮ್ಮನಿಗೆ ಕೂಗಬೇಕೆನಿಸಿತು. ಕೂಗಿದರೆ ತಂಗಿಯನ್ನು ಹಿಡಿದುಕೊಟ್ಟಂತಾಗುತ್ತಿತ್ತು.

“ಬಿಸಿಲು ಬರೋ ಹೊತ್ತಿಗೆ ಅಕ್ಕ ಬಂದ್ಲು. ಜಾಕೆಟ್ಟು ಬಿಚ್ಚಿ ತೂಗುಹಾಕಿ, ಸದ್ದು ಮಾಡದೆ ಹೋಗಿ ಮಲಕ್ಕೊಂಡ್ಲು. ನಾನು ನಿದ್ದೆ ಮಾಡ್ತಿರೋ ಹಾಗೆ ಇದ್ದೆ.”

ಇದನ್ನೆಲ್ಲ ತಂಗಿ ಹೇಳಿದ್ದು ಇನ್ಸ್‌ಪೆಕ್ಟರನ್ನು ನೋಡಿಕೊಂಡಲ್ಲ. ಅಕ್ಕನ ಕಣ್ಣಲ್ಲಿ ಕಣ್ಣಿಟ್ಟು, ರೆಪ್ಪೆ ಬಡಿಯದೆ ಹೇಳಿದಳು.

“ಯಜಮಾನ್ರೇ,” ಇನ್ಸ್‌ಪೆಕ್ಟರ್ ಕೇಳಿದರು, “ನೀವು ಮೊನ್ನೆ ಬೆಳಿಗ್ಗೆ ಅಲ್ಲಿ ಯಾರನ್ನಾದ್ರೂ ಕಂಡ್ರಾ?”

ಕ್ಯಾಂಪಮ್ಮ ಗಂಡನ ಕಡೆ ತಿರುಗಿದಳು. ಇಲ್ಲ ಅನ್ನಿ, ಯಾರನ್ನೂ ಕಾಣಲಿಲ್ಲ ಅನ್ನಿ ಎಂದು ಕಣ್ಣಲ್ಲೇ ಬೇಡಿದಳು. ತನಗಾಗಿ ಒಂದು ಸುಳ್ಳು ಹೇಳಿದವರು ಇನ್ನೊಂದು ಹೇಳಲಾರರೇ?

ಯಜಮಾನರು ಅವಳ ಮುಖ ನೋಡಲಿಲ್ಲ. ಭುಜ ಹಿಡಿದುಕೊಂಡೇ ನಿಂತಿದ್ದವರು ಒಮ್ಮೆ ತಂಗಿಯನ್ನು ನೋಡಿ, ಇದ್ದ ಅರೆನಂಬಿಕೆಯನ್ನೂ ಕಳೆದುಕೊಂಡವರಂತೆ ತಲೆ ತಗ್ಗಿಸಿದರು.

“ಕಂಡೆ ಸಾರ್,” ಎಂದರು. “ನನ್ನ ಹೆಂಡತಿನ ಕಂಡೆ.”